ಯುದ್ಧದ ನಾಟಕದ ತಾಯಿ

ಉಮಾಬಾಯಿ ಬೆಳಗಿನಿಂದ ಒಂದಲ್ಲ ಒಂದು ನೆವ ಹೇಳುತ್ತಲೇ ಇದ್ದರು. ಮೊಮ್ಮಗಳು ಸಿಂಚನಾ ಕಾರನ್ನು ಮೆಹದಿಪಟ್ಟಣಂ ದಾಟಿಸಿ ಹಳೆಯ ರೇಡಿಯೋ ಕೇಂದ್ರದ ಕಡೆ ತಿರುಗಿಸಿದಾಗ, "ತಲಿ ಭಾಳ ನೋಯಾಕತ್ತೈತಿ, ಮನಿಗೆ ಹೋಗೂಣು" ಎಂದು ಕೊನೆಯ ಪ್ರಯತ್ನವನ್ನೂ ಮಾಡಿ ನೋಡಿದರು. ಪಕ್ಕದಲ್ಲಿದ್ದ ಬೀಗತಿ ಶಾಮಲಾ, ಅಂದರೆ ಸೊಸೆಯ ತಾಯಿ, ಬಿಡಬೇಕಲ್ಲ!

"ಅಲ್ರೀ ಬೀಗರ, ನಿಮ್ಮ ದನಿ ಕೇಳಾಕಂತನ ಹುಬ್ಬಳ್ಳಿಯಿಂದ ಬಂದೀನಿ. ಈಗ ತಲಿನೋವಂದ್ರ ಹೆಂಗ್ರೀ?"

ಎಪ್ಪತ್ತೊಂದರ ಯುದ್ಧದ ಕಾಲದಲ್ಲಿ ಈ ಕೇಂದ್ರದಿಂದ ಸೈನಿಕರಿಗಾಗಿ ಒಂದು ತೆಲುಗು ನಾಟಕ ಪ್ರಸಾರವಾಗಿತ್ತು. ಮಗನನ್ನು ಗಡಿಗೆ ಕಳಿಸುವ ತಾಯಿಯ ಪಾತ್ರ ತನ್ನದೇ ಎಂದು ಉಮಾಬಾಯಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಬೀಗರ ಮುಂದಂತೂ ಇನ್ನಷ್ಟು ಉಪ್ಪುಖಾರ ಹಚ್ಚಿ. ಪಾತ್ರ ಇದ್ದದ್ದು ಸುಳ್ಳಲ್ಲ. ಆದರೆ ಮದುವೆಯಾಗಿ ಗುಲ್ಬರ್ಗದಿಂದ ಈ ತೆಲುಗು ಊರಿಗೆ ಆಗಷ್ಟೇ ಬಂದಿದ್ದ ಹುಡುಗಿಯ ತೆಲುಗು ಕೇಳಿ ನಾಟಕದವರು ನಕ್ಕು ನಕ್ಕು ಸುಸ್ತಾಗಿ, ಭಾಷೆಯೇ ಬೇಡದ ಪಾತ್ರ ಕೊಟ್ಟಿದ್ದರು. ಅಂಗಳದ ಎಮ್ಮೆಯ ಪಾತ್ರ!

ಇಷ್ಟು ವರ್ಷ ಯಾರಿಗೂ ಗೊತ್ತಾಗದೇ ನಡೆದಿತ್ತು. ಈಗ ಕೇಂದ್ರದವರು ಯುದ್ಧಕಾಲದ ಪ್ರಸಾರಗಳ ಪ್ರದರ್ಶನ ಇಟ್ಟಿದ್ದಾರೆ, ನಾಟಕದ ಟೇಪು ಸಿಕ್ಕಿದೆ, ಸಿಂಚನಾ ಅದನ್ನು ಕೇಳಿಸಲು ಮೊದಲೇ ಒಪ್ಪಿಸಿಟ್ಟಿದ್ದಾಳೆ. ಇವತ್ತು ಗುಟ್ಟು ರಟ್ಟಾದರೆ ಹುಬ್ಬಳ್ಳಿಯ ಒಂದೊಂದು ಓಣಿಗೂ ಸುದ್ದಿ ಮುಟ್ಟುತ್ತದೆ, ಅನುಮಾನವೇ ಬೇಡ.

ಕೇಂದ್ರದ ಅಧಿಕಾರಿ ಗುರುರಾಜ ರಾಯಚೂರಿನವರು. ಬಂದವರೂ ಕನ್ನಡದವರೆಂದು ತಿಳಿದದ್ದೇ ತಡ, ಹಿಗ್ಗಿನಿಂದ ಹಳೆಯ ಸ್ಟುಡಿಯೋಕ್ಕೆ ಕರೆದೊಯ್ದರು. ಗುಂಡಿನ ಸದ್ದಿಗೆ ಬಡಿಯುತ್ತಿದ್ದ ತಗಡು, ಕುದುರೆ ಓಡಿಸುತ್ತಿದ್ದ ತೆಂಗಿನ ಚಿಪ್ಪು, ಎಲ್ಲ ಮೇಜಿನ ಮೇಲಿದ್ದವು. ಶಾಮಲಾ ಪಂಚಾಯಿತಿಗೆ ಬಂದವರ ಹಾಗೆ ಕುರ್ಚಿ ಎಳೆದುಕೊಂಡು ಕೂತರು.

ಟೇಪು ಶುರುವಾಯಿತು. ಒಬ್ಬ ಹೆಂಗಸು ತೆಲುಗಿನಲ್ಲಿ ಮಗನಿಗೆ ಏನೇನೋ ಹೇಳಿ ಬಿಕ್ಕಿದಳು.

"ಇದು ನಿಮ್ಮ ದನಿನಾ?" ಶಾಮಲಾ ಹುಬ್ಬೇರಿಸಿದರು.

"ಆಗ ಸಣ್ಣಾಕಿದ್ನಲ್ರೀ," ಎಂದರು ಉಮಾಬಾಯಿ.

ಶಾಮಲಾ ತಲೆಯಾಡಿಸಿದರು. ನಂಬಿಬಿಟ್ಟರು! ಉಮಾಬಾಯಿಗೆ ಹೋದ ಜೀವ ಬಂದಂತಾಯಿತು. ಆಗಲೇ ಟೇಪಿನಲ್ಲಿ ಮಗ ಹೊರಟ, ಬಾಗಿಲು ಮುಚ್ಚಿತು, ಎಮ್ಮೆ ಒದರಿತು. ಒಮ್ಮೆ ಜೋರಾಗಿ. ಆಮೇಲೆ, ಅವನು ದೂರ ಹೋದನೆಂದು ತಿಳಿದು, ಮೆಲ್ಲಗೆ ಇನ್ನೊಮ್ಮೆ. ಶಾಮಲಾ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಬೇಸರ ಮಾಡ್ಕೋಬ್ಯಾಡ್ರಿ ಬೀಗರ," ಎಂದರು ಮೂಗೊರೆಸಿಕೊಳ್ಳುತ್ತ. "ನಿಮ್ಮ ತೆಲುಗು ಅಳು ನನಗ ಒಂದೀಟೂ ಮುಟ್ಟಲಿಲ್ಲ. ಆ ಎಮ್ಮಿ ನೋಡ್ರಿ, ಕರಳ ಹಿಂಡಿಬಿಡ್ತು."

"ಖರೇ ಎಮ್ಮೀನ ತಂದು ಕಟ್ಟಿರಬೇಕ್ರಿ," ಎಂದರು ಗುರುರಾಜ. "ಮನುಷ್ಯರಿಗೆ ಹಿಂಗ ಒದರಾಕ ಆಗಂಗಿಲ್ಲ."

ಉಮಾಬಾಯಿಯ ಮೈ ಉರಿಯಿತು. ಯಾರದೋ ಅಳುವಿಗೆ ಬೈಸಿಕೊಳ್ಳುವುದು ತಾನು, ತನ್ನ ಒದರುವಿಕೆಗೆ ಹೊಗಳಿಸಿಕೊಳ್ಳುವುದು ಯಾವುದೋ ಎಮ್ಮೆಯೇ? ಆಹಾ, ಇದೆಲ್ಲಿಯ ನ್ಯಾಯ! ಬಾಯಿ ಮುಚ್ಚಿಕೊಂಡಿದ್ದರೆ ಮಾನ ಉಳಿಯುತ್ತಿತ್ತು. ಉಳಿದು ಏನು ಮಾಡಬೇಕು? ಎದ್ದು ನಿಂತರು, ಕುತ್ತಿಗೆ ಚಾಚಿದರು, ಒದರಿದರು. ಒಮ್ಮೆ ಜೋರಾಗಿ, ಆಮೇಲೆ ಮೆಲ್ಲಗೆ.

ಸಿಂಚನಾ ಬಾಯಿಗೆ ಕೈ ಅಡ್ಡ ಹಿಡಿದಳು. ಶಾಮಲಾ ಬೀಗತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅಯ್ಯ ಶಿವನ! ಇಂಥಾದ್ದು ಬರ್ತಿತ್ತಂದ್ರ, ಇಷ್ಟು ದಿನ ತಾಯಿ ತಾಯಿ ಅಂತ ಯಾಕ ಬಡ್ಕೊಂಡ್ರಿ?"

"ಎಮ್ಮಿ ಆಗಿದ್ದೆ ಅಂದ್ರ ನಿಮ್ಮ ಮಗಳನ್ನ ಕೊಡ್ತಿದ್ರೇನು?"

"ಕಣ್ಣು ಮುಚ್ಚಿ ಕೊಡ್ತಿದ್ನಿ!" ಶಾಮಲಾ ನಕ್ಕರು. ನಗುತ್ತಲೇ ಮತ್ತೆ ಕಣ್ಣೊರೆಸಿಕೊಂಡರು. "ಇನ್ನೊಮ್ಮೆ ಮಾಡ್ರಿ, ಬೀಗರ."

"ಮಾಡ್ತೀನಿ. ಕರು ನೀವಾಗ್ರಿ."

ಶಾಮಲಾ ಬಾಗಿಲ ಕಡೆ ನೋಡಿದರು, ಗುರುರಾಜರ ಕಡೆ ನೋಡಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗಂಟಲು ಸರಿಮಾಡಿಕೊಂಡು ಕೇಳಿದರು:

"ಸಣ್ಣ ಕರೂನೋ, ದೊಡ್ಡದೋ?"