ಹಿಂದುಮುಂದಾದ ಮೈಕು

ಖಾಲಿ ಎಣ್ಣೆ ಡಬ್ಬಿ, ಟೀ ಸೋಸುವ ಜಾಲರಿ, ಹಳೇ ಕಾಲುಚೀಲದ ತುಂಡು, ಅಂಚೆಯಲ್ಲಿ ತರಿಸಿದ, ದನಿ ಹಿಡಿಯುವ ಒಂದು ಪುಟ್ಟ ಬಿಲ್ಲೆ. ಇಷ್ಟೇ ಬಂಡವಾಳ. ಬೆಸುಗೆ ಹಾಕಿ ಹಾಕಿ ಬೆರಳು ಸುಟ್ಟುಕೊಂಡ ಸೊಸೆ ಕೊನೆಗೂ ಮೈಕೊಂದನ್ನು ಕಟ್ಟಿ ನಿಲ್ಲಿಸಿದಳು.

ದೊಡ್ಡ ಹೋಟೆಲುಗಳ ಚಾದರಕ್ಕೆ ಇಸ್ತ್ರಿ ಹಾಕುವ ಆ ಲಾಂಡ್ರಿಯ ಕಿಟಕಿಗಳಿಗೆಲ್ಲ ಮೊಳೆ ಬಡಿದಿತ್ತು. ಧೂಳು ಬಂದರೆ ಬಟ್ಟೆ ಹಾಳಂತೆ! ಆವಿಯಲ್ಲಿ ಬೇಯುವ ಮನುಷ್ಯರು ಹಾಳಾದರೆ ಮಾಲೀಕರಿಗೇನು? ಕಿಟಕಿ ತೆರೆಯುವ ತನಕ ಇಸ್ತ್ರಿ ಮುಟ್ಟುವುದಿಲ್ಲವೆಂದು ಅತ್ತೆ, ಸೊಸೆ, ಉಳಿದ ಹೆಂಗಸರೆಲ್ಲ ಕೂತುಬಿಟ್ಟಿದ್ದರು. ಊರಿನ ರೇಡಿಯೊದವಳು ಐದು ನಿಮಿಷ ಕೊಡಲು ಒಪ್ಪಿದ್ದಳು. ಆದರೆ ಫೋನಿನಲ್ಲಿ ಹಿಡಿದು ಕಳಿಸಿದ್ದನ್ನು ತಿರುಗಿಸಿ ಕಳಿಸಿದಳು: ಬರೀ ಗದ್ದಲ, ಸಂಜೆಯೊಳಗೆ ಚೊಕ್ಕವಾದದ್ದು ಬರದಿದ್ದರೆ ಆ ಹೊತ್ತು ಬೇರೆಯವರ ಪಾಲು.

ಮೊದಲ ಪರೀಕ್ಷೆಯಲ್ಲಿ ಮೈಕು ಗುಂಯ್ ಎಂದಿತು.

"ಇದರೊಳಗೆ ಜೇನು ಸಾಕಿದ್ದೀಯೇನೇ?" ಅತ್ತೆ ಕೇಳಿದರು.

ಸೊಸೆ ಡಬ್ಬಿಯ ಬಣ್ಣ ಕೆರೆದು, ಬರಿ ತಗಡಿಗೆ ಅರ್ಥಿಂಗ್ ತಂತಿ ಬಿಗಿದಳು. ಗುಂಯ್ ಗಪ್‌ಚಿಪ್! ಅತ್ತೆ ಸೊಸೆಯ ಕೈ ಹಿಡಿದು ಕುಣಿದೇಬಿಟ್ಟರು.

ಅಷ್ಟರಲ್ಲಿ ಸಂಘದ ಮುಖಂಡ ಬಂದ. ಸಿಕ್ಕ ಮೈಕನ್ನು ಬಿಡದ ಈತನಿಗೆ ಹೆಂಗಸರಿಟ್ಟ ಹೆಸರು ಮೈಕಾಸುರ. ಸದ್ದು ಹೀರಲೆಂದು ಗೋಡೆ ತುಂಬ ಕಂಬಳಿ ನೇತುಹಾಕಿದ್ದ ಲಾಂಡ್ರಿಯ ಕೋಣೆಯಲ್ಲಿ ಆತ ಮೈಕಿನ ಮುಂದೆ ನಿಂತ. ಹೆಂಗಸರು ಮೈಕಿನ ಹಿಂದೆ, ಬಟ್ಟೆಗಂಟುಗಳ ಮೇಲೆ ಕೂತರು.

"ಶ್ರಮಜೀವಿಗಳ ಇತಿಹಾಸವನ್ನು ಅವಲೋಕಿಸಿದಾಗ..."

ಹೆಡ್‌ಫೋನ್ ಹಾಕಿಕೊಂಡಿದ್ದ ಸೊಸೆ ಬೆಚ್ಚಿದಳು. ಇತಿಹಾಸ ಬಾವಿಯ ತಳದಿಂದ ಬರುತ್ತಿತ್ತು. ಅದರ ಮೇಲೆ, ಕಿವಿಗೇ ಬಾಯಿಟ್ಟಂತೆ, ಅತ್ತೆಯ ಪಿಸುಮಾತು: "ಮೊನ್ನೆ ನಾನು ತಲೆಸುತ್ತಿ ಬಿದ್ದೆನಲ್ಲ, ಆ ಸೂಪರ್‌ವೈಸರ್ ಓಡಿ ಬಂದು ಮೊದ್ಲು ಎತ್ತಿದ್ದು ಚಾದರಾನ ಕಣ್ರೇ!"

ಸೊಸೆ ಬಿಲ್ಲೆಯ ಬೆನ್ನನ್ನೇ ಮುಖವೆಂದುಕೊಂಡು ಕೂರಿಸಿಬಿಟ್ಟಿದ್ದಳು! ಮೈಕಾಸುರನ ಕಡೆಗಿದ್ದದ್ದು ಕಿವುಡು ಬದಿ. ಡಬ್ಬಿಯನ್ನು ಅರ್ಧ ಸುತ್ತು ತಿರುಗಿಸಿದರೆ ಸಾಕು, ಎಲ್ಲ ಸರಿಯಾಗುತ್ತಿತ್ತು. ಸೊಸೆಯ ಕೈ ಡಬ್ಬಿಯವರೆಗೆ ಹೋಯಿತು. ಅಲ್ಲೇ ನಿಂತಿತು. ಹೆಡ್‌ಫೋನ್ ಕಳಚಿ ಅತ್ತೆಯ ಕಿವಿಗಿಟ್ಟಳು.

ತಮ್ಮದೇ ಉಸಿರು ಕೇಳಿ ಅತ್ತೆಯ ಕಣ್ಣು ಇಷ್ಟಗಲವಾಯಿತು. ಸೊಸೆ ಕಣ್ಣು ಹೊಡೆದಳು. ಅತ್ತೆ ಗಂಟಿನ ಸಮೇತ ಮುಂದಕ್ಕೆ ಸರಿದು, ಚಾದರದ ಕಥೆಯನ್ನು ಪಿಸುದನಿಯಲ್ಲೇ ಮೊದಲಿಂದ ಶುರುಮಾಡಿದರು. ಒಬ್ಬೊಬ್ಬರಾಗಿ ಉಳಿದವರೂ ಸರಿದರು. ಒಬ್ಬಳು ಸುಟ್ಟ ಮೊಣಕೈಯ ಕಥೆ ಹೇಳಿದಳು, ಇನ್ನೊಬ್ಬಳು ಮೊಳೆಗಳಿಗೇ ಬೈದಳು. ಹೆಂಗಸರ ತುಟಿ ಅಲುಗುವುದನ್ನು ಕಂಡ ಮೈಕಾಸುರ, ತನ್ನ ಮಾತನ್ನೇ ಜಪಿಸುತ್ತಿದ್ದಾರೆಂದು ಭಾವುಕನಾಗಿ ಕಣ್ಣೊರೆಸಿಕೊಂಡ.

"ಹಾಗೇ ನಡೀಲಿ ಅಣ್ಣ," ಎಂದಳು ಸೊಸೆ, ನಗು ನುಂಗಿಕೊಂಡು.

ಸಂಜೆ ರೇಡಿಯೊ ಹಾಡಿತು. ಐದು ನಿಮಿಷವೂ ಹೆಂಗಸರೇ! ಅವರ ಹಿಂದೆಲ್ಲೋ, ಕೊಡದೊಳಗೆ ಸಿಕ್ಕ ನೊಣದಂತೆ, ಇತಿಹಾಸ.

"ನನ್ನ ಮಾತೆಲ್ಲಿ?" ಮೈಕಾಸುರ ಕಂಗಾಲಾದ.

"ಇದೆಯಲ್ಲಪ್ಪ, ಹಿಂದುಗಡೆ," ಎಂದರು ಅತ್ತೆ. "ಇಷ್ಟು ವರ್ಷ ನಾವು ಕೂತಿದ್ದ ಜಾಗದಲ್ಲಿ."

ನಗೆ ಕಂಬಳಿಗಳಿಗೂ ಹೀರಲಾಗದಷ್ಟು ಎದ್ದಿತು. ಅದೇ ಗುಂಗಿನಲ್ಲಿ ಅತ್ತೆ ಸೊಸೆಯ ಇಕ್ಕಳ ಕಸಿದುಕೊಂಡು ಸೀದಾ ಕಿಟಕಿಗೆ ಹೋಗಿ ಕಂಬಳಿ ಸರಿಸಿದರು. ಊರಿಗೆಲ್ಲ ಹೇಳಿ ಆದ ಮೇಲೆ ಇನ್ಯಾರಪ್ಪಣೆ? ಮೊದಲ ಮೊಳೆ ಕಿರ್ರೆಂದು ಕಿರುಚುತ್ತ ಹೊರಬಂತು.

"ಅಯ್ಯೋ, ತಡೀರಿ ಅತ್ತೆ!" ಸೊಸೆ ಡಬ್ಬಿ ಎತ್ತಿಕೊಂಡು ಓಡಿದಳು. "ಎರಡನೇದನ್ನ ಮೈಕಿಗೆ ಕೇಳೋ ಹಾಗೆ ಕೀಳಿ!"