ಉದುರಿದ ಕೂದಲು

ಆ ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಖತೀಜಾಬಿಯ ಮನೆಗೆ ಹನ್ನೊಂದು ಮಂದಿ ಹೆಂಗಸರು ಬಂದು ಹೋಗಿದ್ದರು. ಹನ್ನೊಂದೂ ಮಂದಿ ಬಂದದ್ದು ಕನ್ನಡಿ ನೋಡಲಿಕ್ಕೆ. ಆಳೆತ್ತರದ ನಿಲುಗನ್ನಡಿ ಸವಣೂರಿನ ಆ ಓಣಿಯಲ್ಲಿ ಮತ್ತೊಂದು ಇರಲಿಲ್ಲ. ಹೆಂಗಸರು ಅದರ ಮುಂದೆ ನಿಂತರು, ತಿರುಗಿದರು, ತಮ್ಮ ಬೆನ್ನು ಹೇಗಿದೆ ಎಂದು ಜೀವನದಲ್ಲಿ ಮೊದಲ ಸಲ ಕಂಡುಕೊಂಡರು. ತನ್ನ ಒಂದು ಭುಜ ಇನ್ನೊಂದಕ್ಕಿಂತ ತಗ್ಗು ಎಂದು ಗೊತ್ತಾಗಿ ಒಬ್ಬಳು ಮುಖ ಸಣ್ಣದು ಮಾಡಿಕೊಂಡು ಹೋದಳು. ಉಳಿದವರು ನೀರು ಕುಡಿದು, ಬರತೇವಿ ಎಂದು ಹೇಳಿ ಹೋದರು. ತಲೆ ಬಾಚಿಸಿಕೊಳ್ಳಲು ಒಬ್ಬರೂ ಕೂಡಲಿಲ್ಲ.

ಕನ್ನಡಿಯನ್ನು ತಂದವನು ಅವಳ ಗಂಡ ಹಯಾತ. ವೀಳ್ಯದೆಲೆಯ ಪೆಂಡಿಗಳನ್ನು ಹುಬ್ಬಳ್ಳಿಗೆ ಒಯ್ದು ಮಾರುತ್ತಿದ್ದ ಮನುಷ್ಯ ಒಮ್ಮೆ ಊರು ಬಿಟ್ಟು ಹೋಗುತ್ತಿದ್ದ ಯಾರೋ ಸಾಹೇಬರ ಮನೆಯ ಹರಾಜಿನಲ್ಲಿ ಅದನ್ನು ಹಿಡಿದು, ಎಲೆಯ ಬುಟ್ಟಿಗಳ ನಡುವೆ ಹುಲ್ಲು ತುಂಬಿ, ಗಾಡಿಯಲ್ಲಿ ಕೂಸಿನಂತೆ ಕಾಯ್ದುಕೊಂಡು ತಂದಿದ್ದ. ಅದಾದ ಎರಡು ವರ್ಷಕ್ಕೆ ಜ್ವರದಲ್ಲಿ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಮಣ್ಣಿನ ಎರಡು ಅಂಕಣದ ಮನೆ, ಕನ್ನಡಿ, ಇವಿಷ್ಟು ಉಳಿದವು.

ತಡಸದಲ್ಲಿದ್ದ ಅಣ್ಣ ಮಕ್ತುಮಸಾಬ ಕೆಟ್ಟವನಲ್ಲ. ತಂಗಿ ಒಬ್ಬಳೇ ಇರಬಾರದು ಎಂಬುದೊಂದೇ ಅವನ ಚಿಂತೆ. ಬಂಕಾಪುರದ ಒಬ್ಬ ಕಟ್ಟಿಗೆ ವ್ಯಾಪಾರಿ, ಮೂರು ಮಕ್ಕಳ ತಂದೆ, ಹೆಂಡತಿ ತೀರಿಕೊಂಡವನು, ಮದುವೆಗೆ ಒಪ್ಪಿದ್ದಾನೆ ಎಂದು ಸುದ್ದಿ ತಂದಿದ್ದ. ಖತೀಜಾಬಿ ಒಲ್ಲೆ ಎಂದಳು. ಈ ಮನೆಯಲ್ಲೇ ಇರುತ್ತೇನೆ, ದುಡಿದು ತಿನ್ನುತ್ತೇನೆ ಎಂದಳು. ತಾಯಿ ಸವಣೂರಿನ ದೊಡ್ಡ ಮನೆಗಳಲ್ಲಿ ಮದುಮಗಳನ್ನು ಸಿಂಗರಿಸುತ್ತಿದ್ದವಳು. ಎಣ್ಣೆ ತಿಕ್ಕುವುದು, ಸೀಗೆಕಾಯಿ ಹಾಕಿ ಎರೆಯುವುದು, ಹೆರಳು ಹಾಕುವುದು, ಮೆಹಂದಿ ಬರೆಯುವುದು ಎಲ್ಲ ಮಗಳ ಕೈಗೂ ಬಂದಿತ್ತು. ಅಣ್ಣ ಯೋಚಿಸಿ, ಬಕ್ರೀದಿನವರೆಗೆ ನೋಡು, ಆಗದಿದ್ದರೆ ಗಾಡಿ ತರುತ್ತೇನೆ, ಆಗ ಮಾತಾಡಬಾರದು ಎಂದ. ಅವಳು ಹೂಂ ಎಂದಳು. ಬಕ್ರೀದಿಗೆ ಆಗ ಮೂರು ತಿಂಗಳಿತ್ತು.

ಕೆಲಸ ಶುರುಮಾಡಿದ ಆ ಮಂಗಳವಾರ ಕಳೆದ ಮೇಲೆ ಮೊದಲು ತಲೆ ಕೊಟ್ಟವಳು ಜನ್ನತಬಿ. ಪಕ್ಕದ ಮನೆಯ ಹುಸೇನಬಿ ತನ್ನ ತಂಗಿಯ ಮಗಳಾದ ಇವಳನ್ನು ಕೈಹಿಡಿದು ಎಳೆದುಕೊಂಡೇ ಬಂದಿದ್ದಳು. ಓಣಿಯಲ್ಲಿ ಯಾವ ಮಾತು ಎಲ್ಲಿಗೆ ಹೋಗಬೇಕಾದರೂ ಹುಸೇನಬಿಯ ಬಾಯಿಂದಲೇ ಹೊರಡಬೇಕು. ಅವಳೇ ಗಿರಾಕಿ ತಂದಳೆಂದರೆ ಕೆಲಸ ಕೈಗೂಡಿದಂತೆ ಎಂದು ಖತೀಜಾಬಿ ಹಿಗ್ಗಿದಳು. ಐದು ಕಾಲಿನ ಹೆರಳು ಹಾಕಿದಳು. ಮಹಾಯುದ್ಧ ಶುರುವಾದ ಮೇಲೆ ಪೇಟೆಯಲ್ಲಿ ಪಿನ್ನು ಸಿಗುತ್ತಿರಲಿಲ್ಲವಾದ್ದರಿಂದ ಬಿದಿರಿನ ಕಡ್ಡಿ ನಯಗೊಳಿಸಿ ಸಿಕ್ಕಿಸಿದಳು. ಆಮೇಲೆ ಅಚ್ಚುಕಟ್ಟಿನ ಹೆಂಗಸಾದ್ದರಿಂದ ನೆಲ ಗುಡಿಸಿ, ಉದುರಿದ ಕೂದಲನ್ನೆಲ್ಲ ಒಟ್ಟುಮಾಡಿ ಹಿತ್ತಲ ತಿಪ್ಪೆಗೆ ಎಸೆದುಬಂದಳು.

ಕೆಟ್ಟದ್ದು ಅಲ್ಲೇ. ಜನ್ನತಬಿಯ ಹೆರಳು ಎಷ್ಟು ಚೆಂದವಿದೆ ಎಂದು ಯಾರೂ ಮಾತಾಡಲಿಲ್ಲ. ಅವಳ ಉದುರಿದ ಕೂದಲು ಎಲ್ಲಿ ಹೋಯಿತು ಎಂದು ಕೇಳಿದರು. ಹೆಣ್ಣುಮಕ್ಕಳ ಕೂದಲು ಬೇರೆಯವರ ಕೈಗೆ ಸಿಕ್ಕರೆ ಮಾಟ ಮಾಡಿಸುತ್ತಾರೆ. ಕಾಗೆ ಒಯ್ದು ಗೂಡಿಗೆ ಹಾಕಿದರೆ ತಲೆನೋವು ಸಾಯುವತನಕ ಬಿಡುವುದಿಲ್ಲ. ಇಷ್ಟು ತಿಳಿಯದವಳ ಮುಂದೆ ತಲೆ ಬಿಚ್ಚಿ ಕೂಡುವುದು ಹೇಗೆ? ಹುಸೇನಬಿ ಬಂದು ಇದನ್ನೆಲ್ಲ ಬೈಗುಳ ಸೇರಿಸಿ ಹೇಳಿದಳು.

ಮರುದಿನವೇ ಖತೀಜಾಬಿ ಮುತ್ತಲ ಎಲೆ ತರಿಸಿದಳು. ಅಂದಿನಿಂದ ಯಾರ ತಲೆ ಬಾಚಿದರೂ ಬಾಚಣಿಗೆಗೆ ಬಂದ ಕೂದಲು, ನೆಲಕ್ಕೆ ಬಿದ್ದ ಕೂದಲು, ಒಂದೊಂದನ್ನೂ ಆರಿಸಿ, ಉಂಡೆ ಮಾಡಿ, ಎಲೆಯಲ್ಲಿ ಸುತ್ತಿ, ದಾರ ಕಟ್ಟಿ, ಅವರು ಏಳುವ ಮೊದಲೇ ಅವರ ಕೈಯಲ್ಲಿ ಇಡತೊಡಗಿದಳು. ಹೆರಳಿಗಿಂತ ಆ ಪೊಟ್ಟಣವೇ ಹೆಂಗಸರಿಗೆ ಹಿಡಿಸಿತು. ಒಬ್ಬರ ಹಿಂದೆ ಒಬ್ಬರು ಬಂದರು. ಎರಡು ತಿಂಗಳು ಕಳೆಯುವುದರೊಳಗೆ ಶುಕ್ರವಾರದ ದಿನ ಅಂಗಳದಲ್ಲಿ ಕಾಯುವವರೂ ಇದ್ದರು. ಖತೀಜಾಬಿ ಬಹಳ ದಿನದ ಮೇಲೆ ತಾನೂ ಕನ್ನಡಿ ನೋಡಿಕೊಂಡಳು.

ಚೌಡವ್ವ ಬಂದದ್ದು ಆಗಲೇ. ಊರಾಚೆ ಎಲೆಬಳ್ಳಿಯ ತೋಟವಿದ್ದ ಹೂವಪ್ಪನ ಹೆಂಡತಿ, ನಾಲ್ಕು ಮಂದಿ ಮಾತು ಕೇಳುವಂಥ ಹೆಂಗಸು. ಯಾರೂ ಇಲ್ಲದ ಹೊತ್ತು ನೋಡಿ ಬಂದು ಬಾಗಿಲು ಮುಂದೆ ಮಾಡೆಂದಳು. ತಲೆಯ ಮೇಲಿನ ಸೆರಗು ತೆಗೆದಾಗ ಖತೀಜಾಬಿಗೆ ಕೆಡುಕೆನಿಸಿತು. ವಾರಗಟ್ಟಲೆ ಬಿಡದ ಮುದ್ದತ್ತಿನ ಜ್ವರ ತಲೆಯನ್ನೆಲ್ಲ ಬರಿದು ಮಾಡಿತ್ತು, ತುರುಬು ನಿಂಬೆಕಾಯಿಯಷ್ಟಾಗಿತ್ತು. ಒಳಗೆ ಸೇರಿಸಿ ಕಟ್ಟಲು ಒಂದು ಚೌರಿ ಮಾಡಿಕೊಡು ಎಂದು ಕೇಳಿದಳು. ಪೇಟೆಯಲ್ಲಿ ಮಾರುವ ಚೌರಿ ಬೇಡ, ಯಾರ ಕೂದಲೋ ಏನೋ. ತಾನೇ ಕೂದಲು ತಂದಿದ್ದೇನೆ ಎಂದು ಕಂಕುಳಿನಿಂದ ಗಂಟು ತೆಗೆದು ಬಿಚ್ಚಿದಳು. ಎರಡು ಉಂಡೆಗಳಿದ್ದವು. ಒಂದರಲ್ಲಿ ನರೆ ಕಲೆತಿತ್ತು. ಇನ್ನೊಂದು ಅಚ್ಚ ಕಪ್ಪು.

"ಇದು ನಂದು," ಎಂದಳು ಚೌಡವ್ವ.

"ಇದು?"

"ನಮ್ಮ ಗುತ್ತೆವ್ವಂದು."

ಖತೀಜಾಬಿ ಕೈ ಹಿಂದೆ ತೆಗೆದುಕೊಂಡಳು. ಚೌಡವ್ವನ ಮಗಳು ಗುತ್ತೆವ್ವ ಹೆರಿಗೆಗೆಂದು ತವರಿಗೆ ಬಂದು, ಹೆತ್ತ ಒಂಬತ್ತನೆಯ ದಿನ ತೀರಿಕೊಂಡದ್ದು ಊರಿಗೆಲ್ಲ ಗೊತ್ತಿತ್ತು. ಹಸಿ ಬಾಣಂತಿ ಸತ್ತರೆ ಆಕೆಯ ಸೀರೆಯನ್ನು ಸಹ ಯಾರೂ ಮುಟ್ಟುವುದಿಲ್ಲ. ಅವಳು ದೆವ್ವವಾಗಿ ಹುಡುಕಿಕೊಂಡು ಬರುತ್ತಾಳೆ ಎಂದು ಆ ಮನೆಯ ಮುಂದೆ ಗರ್ಭಿಣಿಯರು ಇನ್ನೂ ಓಡಾಡುತ್ತಿರಲಿಲ್ಲ.

"ಸತ್ತಾಕಿ ಕೂದಲ ಅಂತ ಹೇಸಬ್ಯಾಡ ತಂಗಿ," ಎಂದಳು ಚೌಡವ್ವ. "ಜೀವ ಇದ್ದಾಗ ಉದರಿದ್ದು. ಬಸುರ್ಯಾಗ ದಿನಾ ನಾನ ಬಾಚತಿದ್ದೆ. ಬಾಚಿ ಬಾಚಿ ಗ್ವಾಡಿ ಸಂದ್ಯಾಗ ಇಟ್ಟಿದ್ದೆ. ಆಕಿ ಸೀರಿ, ಬಳಿ, ಹಾಸಿಗಿ, ಎಲ್ಲಾ ಸುಟ್ಟರು. ಇದೊಂದು ಯಾರ ಕಣ್ಣಿಗೂ ಬೀಳಲಿಲ್ಲ."

ಖತೀಜಾಬಿ ಲೆಕ್ಕ ಹಾಕಿದಳು. ಆಗುವುದಿಲ್ಲ ಎಂದು ಹೇಳುವುದೇ ಜಾಣತನ. ಬದುಕಿದವರ ಕೂದಲಿಗೇ ಅಷ್ಟು ಅಂಜಿದ ಊರು ಇದು. ಬಾಣಂತಿ ದೆವ್ವದ ಕೂದಲು ಈ ಮನೆಗೆ ಬಂದಿದೆ ಎಂದು ತಿಳಿದರೆ ನಾಳೆಯಿಂದ ಒಬ್ಬಳೂ ಹೊಸ್ತಿಲು ದಾಟುವುದಿಲ್ಲ. ಬಕ್ರೀದಿಗೆ ಉಳಿದದ್ದು ಮೂರೇ ವಾರ. ಹೀಗೆಂದುಕೊಳ್ಳುತ್ತಲೇ ಅವಳ ಕೈ ಆ ಕಪ್ಪು ಉಂಡೆಯ ಮೇಲೆ ಹೋಯಿತು. ಅದರಲ್ಲಿ ಇನ್ನೂ ಎಣ್ಣೆಯ ಜಿಡ್ಡಿತ್ತು. ಯಾರೋ ಕೈತುಂಬ ಎಣ್ಣೆ ಸುರಿದುಕೊಂಡು ತಿಕ್ಕಿದ ತಲೆ ಅದು. ಖತೀಜಾಬಿ ಉಂಡೆಯನ್ನು ತನ್ನ ಮಡಿಲಿಗೆ ಹಾಕಿಕೊಂಡಳು.

"ಮಾಡತೇನ್ರಿ," ಎಂದಳು. "ಆದ್ರ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ ಅಕ್ಕಾರ. ನನ್ನ ಹೊಟ್ಟಿಪಾಡಿನ ಮಾತೈತಿ."

ಮೂರು ದಿನ ಹಿಡಿಯಿತು. ಗಂಟಾದ ಕೂದಲನ್ನು ಒಂದೊಂದಾಗಿ ಬಿಡಿಸಿ, ತುದಿ ಸರಿ ಮಾಡಿ, ತಾಯಿಯದನ್ನು ಮಗಳದನ್ನು ಬೆರೆಸಿ, ಕರಿದಾರಕ್ಕೆ ಸುತ್ತಿ ಸುತ್ತಿ ಬಿಗಿದಳು. ಚೌರಿ ಸೇರಿಸಿ ತುರುಬು ಕಟ್ಟಿದಾಗ ಚೌಡವ್ವ ಅಳಲಿಲ್ಲ. ಎದ್ದು ಖತೀಜಾಬಿಯ ಎರಡೂ ಕೈ ತನ್ನ ಕಣ್ಣಿಗೆ ಒತ್ತಿಕೊಂಡು ಹೋದಳು.

ಗುಟ್ಟು ಎಂಟು ದಿನ ಉಳಿಯಿತು. ಹೇಳಿದವಳು ಚೌಡವ್ವನೇ. ಬಾವಿಕಟ್ಟೆಯ ಮೇಲೆ ಯಾರೋ, ಏನವ್ವಾ ಇತ್ತಿತ್ತಲಾಗಿ ಮುಖದ ಮೇಲೆ ಕಳೆ ಬಂದಿದೆ ಎಂದು ಕೇಳಿದರಂತೆ. ಅಷ್ಟು ಕೇಳಿದ್ದೇ ಸಾಕಾಯಿತು. ತಲೆ ಮುಟ್ಟಿಕೊಂಡು, ಮಗಳು ನನ್ನ ಜೋಡಿಗೇ ಇದ್ದಾಳೆ ಎಂದುಬಿಟ್ಟಳು. ಸಂತೋಷವನ್ನು ಒಳಗಿಟ್ಟುಕೊಳ್ಳುವುದು ದುಃಖವನ್ನು ಇಟ್ಟುಕೊಂಡಷ್ಟು ಸುಲಭವಲ್ಲ, ಅವಳನ್ನು ಯಾರು ಏನನ್ನಬೇಕು?

ಮರುದಿನ ಶುಕ್ರವಾರ. ಅಂಗಳ ಖಾಲಿ. ಹುಸೇನಬಿ ಬಂದಳು, ಹೊಸ್ತಿಲ ಹೊರಗೇ ನಿಂತಳು. ಅವಳು ಒಳಗೆ ಬಾರದೆ ಮಾತಾಡಿದ್ದು ಅದೇ ಮೊದಲು. ಬೈಯಲೂ ಇಲ್ಲ. ಜನ್ನತಬಿಗೆ ಈಗ ನಾಲ್ಕು ತಿಂಗಳು, ಏನು ಮಾಡಲಿ ಎಂದಷ್ಟೇ ಹೇಳಿ ಹೋದಳು. ಚೌಡವ್ವ ವಿಷಯ ತಿಳಿದು ಓಡಿಬಂದು ಅತ್ತಳು. ಖತೀಜಾಬಿ ಅವಳಿಗೆ ನೀರು ಕೊಟ್ಟು ಸಮಾಧಾನ ಮಾಡಿ ಕಳಿಸಿದಳು, ಸಿಟ್ಟು ಮಾಡಲು ಅವಳಿಂದ ಆಗಲಿಲ್ಲ. ಆದರೆ ಆ ಸಂಜೆ ಒಲೆ ಹಚ್ಚುವ ಮನಸ್ಸೂ ಆಗಲಿಲ್ಲ. ತಾನು ಸೋತೆ ಎಂದು ಅವಳಿಗೆ ಸ್ಪಷ್ಟವಾಗಿ ಅನಿಸಿತು.

ಬಕ್ರೀದಿಗೆ ಎರಡು ದಿನವಿರುವಾಗ, ಸಂತೆಯ ದಿನ, ಮಕ್ತುಮಸಾಬನ ಗಾಡಿ ಬಾಗಿಲ ಮುಂದೆ ನಿಂತಿತು. ಅವನಿಗೆ ದಾರಿಯಲ್ಲೇ ಎಲ್ಲ ತಿಳಿದಿತ್ತು. ತಂಗಿಯನ್ನು ಹಂಗಿಸಲಿಲ್ಲ, ಸಾಮಾನು ಕಟ್ಟು ಎಂದು ಮೆಲ್ಲಗೆ ಹೇಳಿ ಹೊರಗಿನ ಕಟ್ಟೆಯ ಮೇಲೆ ಕುಳಿತ. ಅವಳು ಕೊಟ್ಟ ಮಾತಿನಂತೆ ಎದುರಾಡದೆ ಕೌದಿ ತೆಗೆದು ಕನ್ನಡಿಗೆ ಸುತ್ತತೊಡಗಿದಳು.

ಅಷ್ಟರಲ್ಲಿ ಮುದುಕಿಯೊಬ್ಬಳು ಬಂದು ಚೌರಿ ಕಟ್ಟುವ ಬೀಬಿಯ ಮನೆ ಇದೇ ಏನು ಎಂದು ಕೇಳಿದಳು. ಹೆಸರು ಯಂಕವ್ವ, ಊರು ಹಿರೇಬೆಂಡಿಗೇರಿ. ಸಂತೆಗೆ ಹೊರಟ ಯಾರದೋ ಗಾಡಿಯಲ್ಲಿ ನಸುಕಿನಲ್ಲೇ ಕುಳಿತು ಬಂದವಳು. ಬಾಣಂತಿಯ ಕೂದಲಿನ ಸುದ್ದಿ ಹೋದ ವಾರದ ಸಂತೆಯಿಂದ ಅಲ್ಲಿಯವರೆಗೂ ಮುಟ್ಟಿತ್ತು. ಖತೀಜಾಬಿ ಕೈಯಲ್ಲಿನ ಕೌದಿ ಕೆಳಗಿಟ್ಟು ಅವಳನ್ನು ಕೂಡಿಸಿದಳು. ಮುದುಕಿ ತನ್ನ ಹಳೆಯ ಚೌರಿಯನ್ನು ತಲೆಯಿಂದ ಬಿಚ್ಚಿ ಮುಂದಿಟ್ಟಳು. ಆಮೇಲೆ ಸೀರೆಯ ಗಂಟಿನಿಂದ ಕಡಲೆಬೀಜದಷ್ಟು ಸಣ್ಣದೊಂದು ಬಟ್ಟೆಯ ಪೊಟ್ಟಣ ತೆಗೆದಳು. ಒಳಗೆ ಬೆರಳಿನ ಒಂದು ಗೆಣ್ಣಿನಷ್ಟೂ ಉದ್ದವಿಲ್ಲದ, ಕೆಂಚಗಿನ ಮೃದು ಕೂದಲು ಚಿಟಿಕೆಯಷ್ಟಿತ್ತು.

"ನನ್ನ ಮಗಂದು. ಜಾವಳ ತಗಿಸಿದಾಗಿಂದು," ಎಂದಳು ಯಂಕವ್ವ. "ಎಲ್ಲಾ ದೇವರಿಗೆ ಬಿಡಬೇಕಾಗಿತ್ತು. ನಾನು ಆಸಿಗೆ ಬಿದ್ದು ಇಷ್ಟ ಮುಚ್ಚಿಟಗೊಂಡೆ. ಅದ ವರ್ಷ ಕೂಸ ಹೋತು. ನಾ ಕದ್ದದ್ದಕ್ಕ ಹಂಗಾತೇನೋ ಅಂತ ಮೂವತ್ತ ವರ್ಷದಾಗ ಯಾರ ಮುಂದೂ ಅಂದಿಲ್ಲ."

"ಅದಕ್ಕಲ್ಲರಿ ಅವ್ವ," ಎಂದಳು ಖತೀಜಾಬಿ. "ಅದಕ್ಕ ಅಲ್ಲವೇ ಅಲ್ಲ."

ಮುದುಕಿ ಆ ಚಿಟಿಕೆ ಕೂದಲನ್ನು ಅವಳ ಅಂಗೈಗೆ ಸುರಿದಳು. ಖತೀಜಾಬಿ ಅಂಗೈ ಮೇಲಿನ ಕೂದಲನ್ನು ಗಾಳಿಗೆ ಹಾರದಂತೆ ಇನ್ನೊಂದು ಕೈಯಿಂದ ಮುಚ್ಚಿದಳು. ಇಷ್ಟು ಗಿಡ್ಡ ಕೂದಲು ದಾರಕ್ಕೆ ಸುತ್ತಲು ಬರುವುದಿಲ್ಲ. ಚೌರಿಯ ತುದಿಯಲ್ಲಿರುವ ಗಂಟು ಬಿಚ್ಚಿ, ಅದರ ಹೊಟ್ಟೆಯೊಳಗೆ ಇಟ್ಟು, ಮೇಲೆ ಹೊಸ ದಾರ ಸುತ್ತಬಹುದು.

"ಗಂಟಿನ್ಯಾಗ ಇಡತೇನಿ. ಆದ್ರ ಹೊರಗ ಕಾಣೂದಿಲ್ಲರಿ."

"ಕಾಣೂದು ಬ್ಯಾಡವ್ವ," ಎಂದಳು ಯಂಕವ್ವ. "ಇದ್ದರ ಸಾಕು."

ಖತೀಜಾಬಿ ಕರಿದಾರದ ಉಂಡೆ ತರಲು ಎದ್ದಳು. ಬಾಗಿಲ ಬಳಿ ಬಂದಾಗ ಓಣಿಯ ಬೇವಿನ ಮರದ ನೆರಳಲ್ಲಿ ಇನ್ನೂ ಇಬ್ಬರು ಹೆಂಗಸರು ನಿಂತದ್ದು ಕಂಡಿತು. ಒಬ್ಬಳು ಬುರ್ಖಾ ಹಾಕಿದ್ದಳು, ಇನ್ನೊಬ್ಬಳು ಯಾವುದೋ ಹಳ್ಳಿಯವಳು. ಒಬ್ಬರಿಗೊಬ್ಬರು ಪರಿಚಯವಿರಲಿಲ್ಲ, ಮಾತೂ ಇರಲಿಲ್ಲ. ಇಬ್ಬರ ಕೈಗಳೂ ಬಟ್ಟೆಯ ಒಳಗೆ ಏನನ್ನೋ ಹಿಡಿದು ಎದೆಗೆ ಒತ್ತಿಕೊಂಡಿದ್ದವು. ಒಳಗೆ ಬರುವುದೋ ಬೇಡವೋ ಎಂದು ಗಾಡಿಯ ಕಡೆ, ಕಟ್ಟೆಯ ಮೇಲಿನ ಗಂಡಸಿನ ಕಡೆ ನೋಡುತ್ತಿದ್ದರು.

"ಭಾಯಿ," ಎಂದಳು ಖತೀಜಾಬಿ, "ಎತ್ತು ಬಿಚ್ಚಿ ನೀರ ಕುಡಸು. ಉಂಡು ನೀ ಒಬ್ಬನ ಹೋಗು."

ಮಕ್ತುಮಸಾಬ ತಂಗಿಯನ್ನು ನೋಡಿದ, ಬೇವಿನ ಮರದ ಕೆಳಗಿನ ಹೆಂಗಸರನ್ನು ನೋಡಿದ. ಎದ್ದು, ಅವರಿಗೆ ದಾರಿಯಾಗಲೆಂದು ಗಾಡಿಯನ್ನು ಬಾಗಿಲಿನಿಂದ ಆಚೆ ಸರಿಸಿದ.

ಗಂಟು ಬಿಗಿಯುವಾಗ ಖತೀಜಾಬಿ ಒಂದು ಕೂದಲೂ ಹೊರಗೆ ಉಳಿಯಗೊಡಲಿಲ್ಲ. ದಾರದ ಮೇಲೆ ದಾರ ಸುತ್ತಿ, ಹಲ್ಲಿನಿಂದ ಕಡಿದು, ಮುದುಕಿಯ ತಲೆಗೆ ಚೌರಿ ಸೇರಿಸಿ ತುರುಬು ಕಟ್ಟಿದಳು. ಯಂಕವ್ವ ಗೋಡೆ ಹಿಡಿದು ಎದ್ದಳು. ಆ ಮನೆಯ ಬಾಗಿಲು ತಗ್ಗು, ಎಂಥವರೂ ಬಗ್ಗಿಯೇ ದಾಟಬೇಕು. ಮುದುಕಿ ಹೊಸ್ತಿಲ ಬಳಿ ಒಂದು ಗಳಿಗೆ ನಿಂತು, ಕೈ ಹಿಂದೆ ಒಯ್ದು, ಎತ್ತಿಕೊಂಡ ಕೂಸಿನ ತಲೆ ಚೌಕಟ್ಟಿಗೆ ಬಡಿಯದಂತೆ ತಾಯಂದಿರು ಹಿಡಿಯುವ ಹಾಗೆ ಅಂಗೈಯನ್ನು ತುರುಬಿನ ಮೇಲೆ ಮುಚ್ಚಿ ಹಿಡಿದು, ನಿಧಾನವಾಗಿ ಬಗ್ಗಿ ಹೊರಗೆ ಹೋದಳು.