ಗೂನುಬೆನ್ನಿಗೆ ಎಪ್ಪತ್ತು ಕವಚ

ಆ ಕಂಪ್ಯೂಟರ್ ಆಟದಲ್ಲಿ ನಾಯಕನ ಜೊತೆ ಅಲೆಯುವ ಸಂಗಾತಿಗಳು ಆರು ಜನ. ನಾಯಕನದೂ ಐವರದೂ ಒಂದೇ ಎರಕದಲ್ಲಿ ಹೊಯ್ದ ಮೈ. ಆಟಗಾರ ಯಾವ ಕವಚ ಆರಿಸಿ ತೊಡಿಸಿದರೂ ಕಚಕ್ಕನೆ ಕೂರುತ್ತಿತ್ತು. ಆರನೆಯವಳು ಗೂನುಬೆನ್ನಿನ ಮುದುಕಿ. ಅವಳಿಗೆ ಏನು ತೊಡಿಸಿದರೂ ಬೆನ್ನು ಕಬ್ಬಿಣವನ್ನೇ ತೂರಿಕೊಂಡು ಹೊರಗೆ ಇಣುಕುತ್ತಿತ್ತು.

ಕವಚಗಳನ್ನು ರೂಪಿಸುವವಳನ್ನು ಕಚೇರಿಯವರು ಕಮ್ಮಾರಕ್ಕ ಎನ್ನುತ್ತಿದ್ದರು. ಸುತ್ತಿಗೆ ಹಿಡಿದವಳಲ್ಲ, ಮೌಸ್ ಹಿಡಿದವಳು. ಮುದುಕಿಯನ್ನು ಮೂರು ತಿಂಗಳು ಕೂತು ಕಡೆದು ನಿಲ್ಲಿಸಿದವಳೂ ಅವಳೇ. ಶುಕ್ರವಾರದೊಳಗೆ ಆಟದ ಎಪ್ಪತ್ತು ಕವಚವೂ ಅವಳಿಗೆ ಹೊಂದದಿದ್ದರೆ ಒಂದೋ ಗೂನು ತೆಗಿ, ಇಲ್ಲ ಮುದುಕೀನೇ ತೆಗಿ ಎಂದು ಮೇಲ್ವಿಚಾರಕ ಹೇಳಿಬಿಟ್ಟಿದ್ದ. ಒಂದೊಂದನ್ನೇ ತಿದ್ದುತ್ತ ಕೂತರೆ ಆಟ ಹೊರಬರುವಷ್ಟರಲ್ಲಿ ತನಗೇ ಗೂನು ಬಂದಿರುತ್ತದೆಂದು ಅವಳಿಗೂ ಗೊತ್ತಿತ್ತು.

ಬುಧವಾರ ಮಧ್ಯಾಹ್ನ ಅಣ್ಣನ ದರ್ಜಿ ಅಂಗಡಿಗೆ ಹೋಗಿ ಫೋನಿನಲ್ಲಿ ಮುದುಕಿಯನ್ನು ತೋರಿಸಿದಳು. ಅಣ್ಣ ಬಾಯಲ್ಲಿದ್ದ ಗುಂಡುಸೂಜಿ ತೆಗೆದ. ಮನುಷ್ಯರನ್ನು ಬಿಟ್ಟು ಗೊಂಬೆಗಳಿಗೆ ಹೊಲೀತೀಯಲ್ಲ ಎಂದು ಮೊದಲು ಛೇಡಿಸಿದ. ಆ ಶಾಸ್ತ್ರ ಮುಗಿಸದೆ ಅವನು ಯಾರಿಗೂ ಉಪಕಾರ ಮಾಡಿದವನಲ್ಲ.

"ಅಳತೆ ನೆಟ್ಟಗೆ ನಿಂತೋರದ್ದು ತಗೊಂಡಿದೀಯ ಕಣೇ. ಬೆನ್ನು ಬಾಗಿದರೆ ಹಿಂದುಗಡೆ ಉದ್ದ ಬೇಕು, ಮುಂದುಗಡೆ ಗಿಡ್ಡ. ಅಷ್ಟೇ."

ಎಪ್ಪತ್ತು ಕವಚವೂ ಹುಟ್ಟಿದ್ದು ಒಂದೇ ಮೂಲ ಅಚ್ಚಿನಿಂದ; ಅದನ್ನು ತಿದ್ದಿದರೆ ಎಲ್ಲವನ್ನೂ ತಿದ್ದಿದಂತೆ. ಕಚೇರಿಗೆ ಮರಳಿ ಅದರ ಬೆನ್ನನ್ನು ನಾಲ್ಕು ಬೆರಳು ಎಳೆದಳು, ಎದೆಯನ್ನು ಎರಡು ಬೆರಳು ಕುಗ್ಗಿಸಿದಳು. ಮುದುಕಿ ಒಂದೊಂದಾಗಿ ಎಪ್ಪತ್ತನ್ನೂ ತೊಟ್ಟು ಪಟ್ಟದರಾಣಿಯಂತೆ ನಿಂತಳು. ಆ ಹಿಗ್ಗಿನಲ್ಲಿ, ಅವಳಿಗೆಂದು ಅಚ್ಚಿನ ಬೇರೆ ಪ್ರತಿ ಮಾಡಿಕೊಳ್ಳಬೇಕಿತ್ತು ಎಂಬುದೇ ಮರೆತುಹೋಯಿತು.

ಶುಕ್ರವಾರ ಎಲ್ಲರೆದುರು ಆಟ ತೆರೆದರು. ಮುದುಕಿಯ ಕವಚ ಮೈಗೆ ಬರೆದಂತಿತ್ತು. ನಾಯಕನ ಮತ್ತು ಐವರ ಬೆನ್ನಲ್ಲಿ ಮಾತ್ರ ಕಬ್ಬಿಣ ಜೋಳಿಗೆಯಂತೆ ಉಬ್ಬಿ, ಎದೆ ಬಿಗಿದು, ಶೂರರೆಲ್ಲ ಯಾರದೋ ಅಂಗಿ ಎರವಲು ತಂದವರಂತೆ ಕಂಡರು. ಆಟ ಪರೀಕ್ಷಿಸುವ ಹುಡುಗಿ ನಗು ತಡೆಯಲಾರದೆ ಮೇಜಿಗೆ ಹಣೆ ಹಚ್ಚಿದಳು. ಎಲ್ಲರ ಅಚ್ಚನ್ನೇ ತಿದ್ದಿಬಿಟ್ಟಿದ್ದೇನೆಂದು ಕಮ್ಮಾರಕ್ಕನಿಗೆ ಆಗ ಹೊಳೆಯಿತು.

ಮೇಲ್ವಿಚಾರಕ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ.

"ಎಪ್ಪತ್ತನ್ನೂ ಈ ಅಜ್ಜಿಗೆ ಹೊಂದಿಸೋಕೆ ಎಷ್ಟು ಹೊತ್ತು ಹಿಡೀತು?"

"ಅರ್ಧ ದಿನ."

ಉಪಾಯ ಯಾರದೆಂದು ಕೇಳಿದ. ದರ್ಜಿ ಅಣ್ಣನದೆಂದು ಒಪ್ಪಿಕೊಂಡಳು.

"ಇವರಿಗೆ ಹಳೇ ಅಚ್ಚು ವಾಪಸ್ ಹಾಕು. ಇದು ಅಜ್ಜಿಗಿರಲಿ, ಅವಳೂ ಇರಲಿ." ಹೊರಟವನು ಬಾಗಿಲಲ್ಲಿ ನಿಂತ. "ಕವಚ ಕೂರಲ್ಲ ಅಂತ ಆ ಡೊಳ್ಳುಹೊಟ್ಟೆ ಕಾವಲುಗಾರನ್ನ ಕೈಬಿಟ್ಟಿದ್ವಲ್ಲ. ನಿಮ್ಮಣ್ಣನಿಗೆ ಹೊಟ್ಟೆ ಅಳತೆನೂ ಬರುತ್ತಾ, ಕೇಳು."